ಬದುಕಿ ಬಂದವನ ಬಾಕಿ

ಐಹೊಳೆ, ಬಾದಾಮಿ ಕಡೆ ಅಡ್ಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಮೂರೇ ಪಟ್ಟಿಕೆಗೆ ಕತೆ ಮುಗಿಯುತ್ತದೆ. ಗಾಯಗೊಂಡು ಮನೆಗೆ ಮರಳಿ ಮೂವತ್ತು ವರ್ಷ ಕಟ್ಟೆಯ ಮೇಲೆ ಕೂತವನಿಗೆ ಅಂಥ ಕಲ್ಲಿಲ್ಲ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತಿದ್ದು ಜೀವಂತ ಸಿಕ್ಕ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ದೇಶವೇ ಹರಕೆ ಹೊತ್ತಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದಿದ್ದರೆ ನಾವು ಎಷ್ಟು ದಿನ ಅವರನ್ನು ವಿಚಾರಿಸುತ್ತಿದ್ದೆವು?

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಬ್ಬ ಸೈನಿಕನದು. ಅವನು ಉಳಿದದ್ದು ಹಿಮದಿಂದಲ್ಲ, ಮಾತ್ರೆಯಿಂದ. ಬೆನ್ನುನೋವಿಗೆಂದು ಶುರುವಾದ ಅಫೀಮಿನ ಜಾತಿಯ ನೋವಿನ ಮಾತ್ರೆ ಚಟವಾಗುತ್ತದೆ, ಒಂದು ರಾತ್ರಿ ಅಳತೆ ಮೀರಿ ಉಸಿರೇ ನಿಲ್ಲತೊಡಗುತ್ತದೆ. ಹೊತ್ತಿಗೆ ಸರಿಯಾಗಿ ನ್ಯಾಲೊಕ್ಸೋನ್ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತಾನೆ. ಗಂಡಾಂತರ ಕಳೀತು ಅನ್ನುತ್ತೇವೆ.

ಕಳೆದಿರುವುದಿಲ್ಲ. ಅಮೆರಿಕದಲ್ಲಿ ಹೀಗೆ ಬದುಕಿದ 76 ಸಾವಿರಕ್ಕೂ ಹೆಚ್ಚು ಜನರ ಮುಂದಿನ ಒಂದು ವರ್ಷವನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಉಳಿದ ಜನರಿಗಿಂತ ಇವರಲ್ಲಿ ಸಾವು ಸುಮಾರು 24 ಪಟ್ಟು. ಎಲ್ಲರನ್ನೂ ಕೊಂದದ್ದು ಮತ್ತೆ ಮಾತ್ರೆಯೇ ಅಲ್ಲ. ಹೃದಯ ರೋಗ, ಕ್ಯಾನ್ಸರ್ ಕೂಡ ಇದ್ದವು. ಮ್ಯಾಸಚೂಸೆಟ್ಸ್‌ನ ಇನ್ನೊಂದು ಲೆಕ್ಕದಲ್ಲಿ ವರ್ಷದೊಳಗೆ ಸತ್ತವರಲ್ಲಿ ಐದನೇ ಒಂದು ಪಾಲು ಮೊದಲ ತಿಂಗಳೇ ಹೋದರು. ಕೆಲವು ದಿನ ಬಿಟ್ಟರೂ ಮೈಯ ತಾಳಿಕೆ ಕುಗ್ಗುತ್ತದೆ. ಮನೆಗೆ ಬಂದು ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಈಗ ಅದೇ ವಿಷ.

ನಮ್ಮ ಕಡೆ ಅಫೀಮಿಗಿಂತ ಹೆಂಡದ ಹಾವಳಿ ಹೆಚ್ಚು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಮದ್ಯ ಸೇವಿಸುವವರು ನೂರಕ್ಕೆ 14.6, ಅಫೀಮಿನ ಜಾತಿಯದು ನೂರಕ್ಕೆ ಎರಡರಷ್ಟು. ಹುನಗುಂದ, ಇಳಕಲ್ಲಿನ ಮಾಜಿ ಸೈನಿಕನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕ್ಯಾಂಟೀನಿನ ರಮ್ಮು. ಟ್ರಾಮಡಾಲ್ ಮಾತ್ರೆ ಮಾದಕವಸ್ತು ಕಾಯ್ದೆಯ ಹಿಡಿತಕ್ಕೆ ಬಂದದ್ದೂ 2018ರಲ್ಲೇ. ಬಾಟಲಿಯಾದರೂ ಮಾತ್ರೆಯಾದರೂ ಊರು ಆಡುವ ಮಾತು ಒಂದೇ: "ತಾನs ತಂದ್ಕೊಂಡಾನ, ಯಾರ ಏನ್ ಮಾಡಾಕ ಬರ್ತೈತಿ?"

ಈ ಮಾತು ಪೂರ್ತಿ ಸುಳ್ಳಲ್ಲ. ಅವನ ಪಾಲಿನ ಹೊಣೆ ಇದ್ದೇ ಇದೆ. ಅದನ್ನು ಅಳಿಸಿಹಾಕುವುದು ಸೈನಿಕನಿಗೇ ಅವಮಾನ. ಆದರೆ ತಪ್ಪು ಯಾರದೆಂಬುದು ನಿನ್ನೆಯ ಲೆಕ್ಕ. ನಾಳೆ ಅವನನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಅದು ಉತ್ತರವಾಗಲಾರದು. ಕುಡಿದು ಬಾವಿಗೆ ಬಿದ್ದವನನ್ನೂ ಹಗ್ಗ ಬಿಟ್ಟು ಎತ್ತುತ್ತೇವೆ. ಎತ್ತಿ, ಅದೇ ಬಾವಿಯ ದಂಡೆಯ ಮೇಲೆ ಬಿಟ್ಟು ಬರುತ್ತೇವೆ.

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಹಿಂಬಾಲಿಸಿದರು. ಊರಿಗೆ ಮರಳಿದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಚಟ ಮನುಷ್ಯನೊಳಗೆ ಮಾತ್ರ ಇರುವುದಿಲ್ಲ, ಅವನ ಸುತ್ತಲೂ ಇರುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಮ್ಮ ಜವಾನ ನಲವತ್ತರ ಒಳಗೇ ನಿವೃತ್ತನಾಗುವುದುಂಟು. ಬೆಳಗಿನ ಐದಕ್ಕೆ ಎಬ್ಬಿಸುವ ಸೀಟಿ ಇಲ್ಲ, ಜೊತೆಯವರಿಲ್ಲ. ಸಿಕ್ಕರೆ ಬ್ಯಾಂಕಿನ ಬಾಗಿಲು ಕಾಯುವ ಕೆಲಸ. ಸತ್ಕಾರಕ್ಕೆ ಕರೆದು ಶಾಲು ಹೊದಿಸುವುದು ವರ್ಷಕ್ಕೊಮ್ಮೆ.

ಆಸ್ಪತ್ರೆಯಿಂದ ಬಂದ ಮೇಲೆ ಬೇಕಾಗುವುದು ತೀರ ಸಣ್ಣ ಕೆಲಸಗಳು. ಮಾತ್ರೆಯ ಹಾಳೆ ಯಾರ ಕೈಯಲ್ಲಿರಬೇಕು, ಹದಿನೈದು ದಿನಕ್ಕೆ ಮತ್ತೆ ಡಾಕ್ಟರ ಬಳಿ ಜೊತೆಗೆ ಹೋಗುವವರು ಯಾರು, ರಾತ್ರಿ ಗೊರಕೆಯ ಸದ್ದು ಬದಲಾದರೆ ಯಾರನ್ನು ಕೂಗಬೇಕು. ಈಗ ಇವೆಲ್ಲ ಹೆಚ್ಚಾಗಿ ಹೆಂಡತಿಯ ಪಾಲಿಗೆ ಬಿದ್ದಿವೆ. ಅವಳು ಕಣ್ಣು ಮುಚ್ಚುವ ರಾತ್ರಿಯ ಪಾಳಿಗೆ ಊರಿನಲ್ಲಿ ಇನ್ನೂ ಯಾರ ಹೆಸರೂ ಬಿದ್ದಿಲ್ಲ.