ದಿಡ್ಡಿ ಬಾಗಿಲು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಹಳೆಯ ವಾಡೆಗಳನ್ನು ಕಂಡವರು ಅವುಗಳ ಹೆಬ್ಬಾಗಿಲನ್ನು ಮರೆಯಲಾರರು. ಆನೆಯೇ ಬಂದರೂ ಬರಲಿ ಎಂಬಂತೆ ಎತ್ತರವಾಗಿ ನಿಂತ ಆ ಬಾಗಿಲಿನ ಒಂದು ಕದದಲ್ಲಿ, ತಲೆ ಬಗ್ಗಿಸಿ ದಾಟಬೇಕಾದ ಇನ್ನೊಂದು ಪುಟ್ಟ ಬಾಗಿಲಿರುತ್ತದೆ. ಅದೇ ದಿಡ್ಡಿ. ಹೊರಗೆ ನಿಂತವನು ಕೂಗಬೇಕು, ಒಳಗಿನವರು ‘ಯಾರು?’ ಎನ್ನಬೇಕು, ಆಮೇಲೆ ಅಗಳಿ ಸರಿಯಬೇಕು. ಹಾಗೆ ಕೇಳುವುದರಿಂದ ಅತಿಥಿಸತ್ಕಾರಕ್ಕೆ ಊನ ಬರುತ್ತದೆಂದು ಹಿರಿಯರು ಭಾವಿಸಲಿಲ್ಲ. ‘ಯಾರು?’ ಎಂದು ಕೇಳಿದ ಕೈಯೇ ಕಾಲಿಗೆ ನೀರನ್ನೂ ಕೊಡುತ್ತಿತ್ತು.

ಈಗ ನಮ್ಮೆಲ್ಲರ ಬಳಿಯೂ ಇರುವ ಒಂದು ಯಂತ್ರದ ನಡತೆಯನ್ನು ನೋಡಿದಾಗ ಈ ದಿಡ್ಡಿ ನೆನಪಾಗುತ್ತದೆ. ತಹಸೀಲ ಕಚೇರಿಯ ಸುತ್ತಲಿನ ಝೆರಾಕ್ಸ್ ಅಂಗಡಿಗಳನ್ನೇ ತೆಗೆದುಕೊಳ್ಳಿ. ಜಾತಿ, ಆದಾಯಗಳ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಬೇಕಾಗುವ 371(ಜೆ) ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಹೀಗೆ ನಾನಾ ಕಾಗದಗಳಿಗಾಗಿ ಜನ ಅಲ್ಲಿಗೆ ಬರುತ್ತಾರೆ. ಒಬ್ಬರಾದ ಮೇಲೊಬ್ಬರು ಪೆನ್‌ಡ್ರೈವ್ ಚಾಚುತ್ತಾರೆ. ಅಂಗಡಿಯಾತ ಅದನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾನೆ. ಸಿಕ್ಕಿಸಿದ ಆ ಕ್ಷಣದಲ್ಲಿ ಯಂತ್ರ ತಾನಾಗಿ ಏನು ಮಾಡಬೇಕು? ಪ್ರಶ್ನೆ ಸಣ್ಣದಾಗಿ ತೋರುತ್ತದೆ. ಆದರೆ ಇದು ಯಂತ್ರಶಾಸ್ತ್ರಕ್ಕೆ ಮುಗಿಯುವ ಪ್ರಶ್ನೆಯಲ್ಲ. ಅದರೊಳಗೆ ಧರ್ಮಜಿಜ್ಞಾಸೆಯೂ ಅಡಗಿದೆ.

1995ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ವಿಂಡೋಸ್ 95’ ಅನ್ನು ಹೊರತಂದಾಗ ಅದರಲ್ಲಿ ಆಟೊರನ್ ಎಂಬ ಏರ್ಪಾಡು ಇತ್ತು. ಒಳಗೆ ಹಾಕಿದ ಸಿ.ಡಿ.ಯಲ್ಲಿ ಒಂದು ಚಿಕ್ಕ ಚೀಟಿಯಂಥ ಕಡತವಿದ್ದರೆ, ಯಂತ್ರ ಅದನ್ನು ಓದಿ, ಅದರಲ್ಲಿ ಬರೆದಂತೆ ನಡೆದುಕೊಳ್ಳುವುದು. ಉದ್ದೇಶ ಒಳ್ಳೆಯದೇ. ಕಂಪ್ಯೂಟರಿಗೆ ಹೊಸಬನಾದವನು ತಡಕಾಡಬಾರದು, ಸಿ.ಡಿ. ಹಾಕಿದೊಡನೆ ಕೆಲಸ ಶುರುವಾಗಬೇಕು ಎಂಬ ದಯೆ ಅದರ ಹಿಂದಿತ್ತು. ಆದರೆ ಆ ಚೀಟಿಯನ್ನು ಬರೆದವರು ಯಾರು? ಮನೆಯ ಯಜಮಾನನಲ್ಲ, ಬಂದ ಅತಿಥಿ. ಅತಿಥಿ ತನ್ನ ಜೇಬಿನಿಂದ ಚೀಟಿ ತೆಗೆದು ‘ಪೆಟ್ಟಿಗೆ ತೆರೆ’ ಎಂದರೆ ಮನೆಯ ಆಳು ಯಜಮಾನನನ್ನು ಕೇಳದೆ ತೆರೆಯುವಂತಾಯಿತು.

ಇದರ ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. 2005ರಲ್ಲಿ ಸೋನಿ ಬಿ.ಎಂ.ಜಿ. ಕಂಪನಿಯ ಕೆಲವು ಸಂಗೀತದ ಸಿ.ಡಿ.ಗಳು, ನಕಲು ತಡೆಯುವ ನೆಪದಲ್ಲಿ, ಕೇಳುಗನ ಕಂಪ್ಯೂಟರಿನೊಳಗೆ ಕಣ್ಣಿಗೆ ಬೀಳದ ತಂತ್ರಾಂಶವೊಂದನ್ನು ಇರಿಸಿಬಿಡುತ್ತಿದ್ದುದು ಬಯಲಾಯಿತು. ಹಾಡು ಕೇಳಲು ಕುಳಿತವನ ಮನೆಯಲ್ಲಿ ಕಾವಲುಗಾರನನ್ನು ಬಚ್ಚಿಟ್ಟು ಹೋದಂತೆ! 2008ರ ನವೆಂಬರಿನಲ್ಲಿ ತೋರಿದ ಕಾನ್‌ಫಿಕರ್ ಎಂಬ ಕ್ರಿಮಿತಂತ್ರ ಲಕ್ಷಾಂತರ ಯಂತ್ರಗಳನ್ನು ಹೊಕ್ಕಿತು. ಅದು ಹಿಡಿದ ಹಲವು ದಾರಿಗಳಲ್ಲಿ ಪೆನ್‌ಡ್ರೈವೂ ಒಂದು. ಕೊನೆಗೆ 2009ರ ‘ವಿಂಡೋಸ್ 7’ರಲ್ಲಿ ಪೆನ್‌ಡ್ರೈವಿನ ಚೀಟಿಗೆ ಮನ್ನಣೆ ಕೊಡುವುದನ್ನು ತಯಾರಕರೇ ನಿಲ್ಲಿಸಿದರು, 2011ರಲ್ಲಿ ಹಿಂದಿನ ಆವೃತ್ತಿಗಳಿಗೂ ಆ ತಿದ್ದುಪಡಿ ಬಂದಿತು. ಇಂದಿನ ವಿಂಡೋಸಿನಲ್ಲಿ ‘ಸೆಟ್ಟಿಂಗ್ಸ್’ ಒಳಗೆ ‘ಆಟೊಪ್ಲೇ’ ಎಂಬ ಪುಟವಿದೆ. ಪೆನ್‌ಡ್ರೈವ್ ಬಂದಾಗ ಅದರ ಕಡತಗಳನ್ನು ತೆರೆದು ತೋರಿಸಬೇಕೆ, ಏನೂ ಮಾಡದೆ ಸುಮ್ಮನಿರಬೇಕೆ, ಪ್ರತಿಸಲವೂ ನಮ್ಮನ್ನು ಕೇಳಬೇಕೆ ಎಂಬುದನ್ನು ಅಲ್ಲಿ ನಾವೇ ಗೊತ್ತುಮಾಡಬಹುದು. ಹೆಬ್ಬಾಗಿಲು, ಮುಚ್ಚಿದ ಬಾಗಿಲು, ದಿಡ್ಡಿ: ಮೂರೂ ಅಲ್ಲಿವೆ.

ಇಷ್ಟು ಚರಿತ್ರೆ. ಇನ್ನು ಪ್ರಶ್ನೆ. ನಾನು ಏನನ್ನೂ ಮಾಡದಿದ್ದಾಗ ನನ್ನ ಯಂತ್ರ ಮಾಡಿದ್ದು ಯಾರ ಕೃತ್ಯ?

ಒಬ್ಬ ವಿದ್ಯಾರ್ಥಿನಿ ತನ್ನ ಅಂಕಪಟ್ಟಿಗಳಿರುವ ಪೆನ್‌ಡ್ರೈವನ್ನು ಮುದ್ರಣಕ್ಕೆ ಕೊಟ್ಟಳೆನ್ನಿ. ಬೆಳಗ್ಗೆ ಇನ್ನಾರೋ ತಂದ ಪೆನ್‌ಡ್ರೈವಿನಿಂದ ಅಂಗಡಿಯ ಯಂತ್ರಕ್ಕೆ ಸೋಂಕು ತಗಲಿದೆ. ಅವಳ ಕಡತಗಳೆಲ್ಲ ಮರೆಯಾಗಿ, ಅವುಗಳ ಜಾಗದಲ್ಲಿ ಹುಸಿ ಗುರುತುಗಳು ನಿಂತಿವೆ. ಅರ್ಜಿಗೆ ಅಂದೇ ಕೊನೆಯ ದಿನ. ತಪ್ಪು ಯಾರದು? ಅಂಗಡಿಯಾತ ‘ನಾನು ಸಿಕ್ಕಿಸಿದೆ, ಅಷ್ಟೆ’ ಎನ್ನುತ್ತಾನೆ. ಬೆಳಗಿನ ಗಿರಾಕಿಗೆ ತಾನು ಸೋಂಕು ತಂದದ್ದೇ ತಿಳಿಯದು. ಯಂತ್ರ ಮಾಡಿದವರು ‘ಆಯ್ಕೆ ನಿಮ್ಮ ಕೈಯಲ್ಲೇ ಇತ್ತಲ್ಲ’ ಎನ್ನುತ್ತಾರೆ. ಹೊಣೆ ಕೈಯಿಂದ ಕೈಗೆ ಸಾಗುತ್ತ ಸಾಗುತ್ತ ಕರಗಿಹೋಗುತ್ತದೆ. ನಷ್ಟ ಮಾತ್ರ ಕರಗುವುದಿಲ್ಲ. ಅದು ಆ ಹುಡುಗಿಯ ಕೈಯಲ್ಲಿ ಉಳಿಯುತ್ತದೆ.

ಮೌನವೇ ಸಮ್ಮತಿಯ ಲಕ್ಷಣವೆಂಬ ಮಾತುಂಟು. ತಯಾರಕರು ಯಂತ್ರವನ್ನು ಹೊಂದಿಸಿ ಕಳಿಸುವಾಗ ನಮ್ಮ ಮೌನವನ್ನು ಹೀಗೆಯೇ ಎಣಿಸುತ್ತಾರೆ. ಆದರೆ ತನ್ನನ್ನು ಕೇಳಲಾಗುತ್ತಿದೆ ಎಂಬುದೇ ತಿಳಿಯದವನ ಮೌನ ಸಮ್ಮತಿಯಾಗಲಾರದು; ಅದು ಅಜ್ಞಾನ ಮಾತ್ರ. ಅಲ್ಲಿಯವರೆಗೆ ಹೊಣೆಯ ಹೆಚ್ಚಿನ ಪಾಲು ಹೊಂದಿಸಿ ಕಳಿಸಿದವರದೇ. ತಿಳಿದ ಮೇಲೆ? ತಿಳಿದ ಮೇಲೂ ಹಾಗೆಯೇ ಬಿಟ್ಟರೆ ಬಿಟ್ಟದ್ದೂ ಒಂದು ಕೃತ್ಯವೇ. ರಾತ್ರಿ ಬಾಗಿಲು ಹಾಕದೆ ಮಲಗಿದವನು ‘ನಾನು ನಿದ್ದೆಯಲ್ಲಿದ್ದೆ’ ಎಂದರೆ ಮನೆಯಲ್ಲಿ ಒತ್ತೆಯಿಟ್ಟವರು ಒಪ್ಪುವರೆ? ಹಲವರ ಕಾಗದಗಳನ್ನು ಮುಟ್ಟುವ ಯಂತ್ರ ಒಡೆಯನೊಬ್ಬನದೇ ಅಲ್ಲ. ಅದರ ಬಾಗಿಲನ್ನು ಹೇಗಿಟ್ಟಿದ್ದಾನೆ ಎಂಬುದಕ್ಕೆ ಅವನು ಉತ್ತರ ಹೇಳಬೇಕಾದವನು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ತೂಕವುಳ್ಳದ್ದೇ. ಬಂದವರನ್ನೆಲ್ಲ ಸಂಶಯದಿಂದ ನೋಡುತ್ತ ಬದುಕುವುದು ಒಂದು ಬದುಕೆ? ನಂಬಿಕೆಯಿಲ್ಲದೆ ಸಂತೆ ನಡೆಯದು, ಊರು ನಡೆಯದು. ನಿಜ. ಸುರಪುರದ ರಾಜ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಅಲ್ಲಿನ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅಲ್ಲಿಗೆ ಬರುವ ಮುನ್ನವೇ, 1839ರಲ್ಲಿ, ಥಗ್ಗರನ್ನು ಕುರಿತು ಒಂದು ಕಾದಂಬರಿ ಪ್ರಕಟಿಸಿದ್ದನು. ಅವನ ಹೆಸರಿನ ‘ಟೇಲರ್ ಮಂಜಿಲ್’ ಸುರಪುರದಲ್ಲಿ ಇಂದಿಗೂ ಇದೆ. ಥಗ್ಗರ ಆಯುಧ ಬರಿಯ ಕೈವಸ್ತ್ರವಲ್ಲ. ದಾರಿಹೋಕರೊಡನೆ ಬೆಳೆಸುವ ಸ್ನೇಹವೇ ಅವರ ಮೊದಲ ಆಯುಧ. ಆದರೂ ಜನ ಪ್ರಯಾಣ ನಿಲ್ಲಿಸಲಿಲ್ಲ, ಜೊತೆಗಾರರನ್ನೂ ಬಿಡಲಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ 45ರಷ್ಟನ್ನಾದರೂ ಎತ್ತಿಕೊಂಡವರು ಕಂಪ್ಯೂಟರಿಗೆ ಹಾಕಿ ತೆರೆದಿದ್ದರು. ಏಕೆಂದು ವಿಚಾರಿಸಿದಾಗ ಉತ್ತರಿಸಿದವರಲ್ಲಿ ಹೆಚ್ಚಿನವರು ಹೇಳಿದ್ದು, ಕಳೆದುಕೊಂಡವರಿಗೆ ಹಿಂತಿರುಗಿಸುವುದಕ್ಕೆಂದು. ಕೇಡು ಹೊಕ್ಕುವುದು ನಮ್ಮ ದುರಾಸೆಯಿಂದ ಮಾತ್ರವಲ್ಲ, ಒಳ್ಳೆಯತನದ ಮೂಲಕವೂ ಹೌದು. ಆದುದರಿಂದ ಒಳ್ಳೆಯತನವನ್ನು ಬಿಡಬೇಕೆಂದಲ್ಲ, ಅದು ಎಚ್ಚರವಾಗಿರಬೇಕು. ನಂಬುವುದಕ್ಕೂ ಗಮನಿಸದೆ ಬಿಡುವುದಕ್ಕೂ ಅಂತರವಿದೆ. ನಂಬುವವನು ಎದುರಿಗಿರುವವನ ಮುಖ ನೋಡಿರುತ್ತಾನೆ.

ಹಾಗೆಂದು ಎಲ್ಲಕ್ಕೂ ಕೇಳುತ್ತ ಕುಳಿತರೆ ಕೆಲಸ ಸಾಗದು. ನಡೆಯುವಾಗ ಪ್ರತಿ ಹೆಜ್ಜೆಗೂ ನಾವು ಅಪ್ಪಣೆ ಕೊಡುವುದಿಲ್ಲ. ಅಭ್ಯಾಸವೇ ನಡೆಸುತ್ತದೆ, ನಡೆಸಲಿ. ಎಲ್ಲಿ ಕೇಳಬೇಕೆಂಬುದಕ್ಕೆ ನನಗೆ ತೋರುವ ಗೆರೆ ಇದು: ಅತಿಥಿಯ ಕಾಗದವನ್ನು ಓದುವುದು ಬೇರೆ, ಅದರಲ್ಲಿನ ಆಜ್ಞೆಯನ್ನು ಪಾಲಿಸುವುದು ಬೇರೆ. ಮೊದಲನೆಯದು ಸೌಜನ್ಯ. ಎರಡನೆಯದು ಯಜಮಾನಿಕೆಯನ್ನು ಒಪ್ಪಿಸಿಕೊಡುವುದು. ಹೊರಗಿನವನ ಮಾತು ನನ್ನ ಕೃತ್ಯವಾಗಿ ಮಾರ್ಪಡುವ ಎಡೆಯಲ್ಲಿ ಒಂದು ‘ಯಾರು?’ ಇರಲೇಬೇಕು.

ಆ ಪ್ರಶ್ನೆಯೂ ಜೀವಂತವಾಗಿರಬೇಕು. ಕಾನ್‌ಫಿಕರ್ ಮಾಡಿದ ಜಾಣತನವೊಂದುಂಟು: ಕಡತಗಳನ್ನು ನೋಡಲು ಯಂತ್ರ ತೋರಿಸುವ ಸಾಧುವಾದ ಗುರುತನ್ನೇ ಅದು ಅನುಕರಿಸಿತು. ದಿನವೂ ಒತ್ತುವ ಗುಂಡಿಯೆಂದು ಜನ ನೋಡದೆ ಒತ್ತಿದರು. ಯಂತ್ರ ಕೇಳಿತ್ತು, ಮನುಷ್ಯ ಉತ್ತರಿಸಿಯೂ ಇದ್ದ. ಆದರೆ ಆ ಉತ್ತರದ ಹಿಂದೆ ಅವನಿರಲಿಲ್ಲ. ತಾನಾಗಿ ನಡೆಯುವ ಗುಣ ಯಂತ್ರವನ್ನು ಬಿಟ್ಟು ಬೆರಳಿಗೆ ಸೇರಿಕೊಂಡಿತ್ತು. ಯಾವ ಸೆಟ್ಟಿಂಗೂ ಇದನ್ನು ನಮ್ಮ ಪರವಾಗಿ ಸರಿಪಡಿಸಲಾರದು.

ಮನೆಯ ಕಂಪ್ಯೂಟರಿನಲ್ಲಿ ಆ ಪುಟವನ್ನು ಒಮ್ಮೆ ತೆರೆದು ನೋಡುವುದಕ್ಕೆ ಎರಡು ನಿಮಿಷ ಸಾಕು. ‘ಪ್ರತಿಸಲವೂ ಕೇಳು’ ಎಂಬುದನ್ನು ಆರಿಸುವುದು ಸುಲಭ. ಕೇಳಿದಾಗಲೆಲ್ಲ ಆ ಕ್ಷಣದಲ್ಲಿ ಅಲ್ಲಿಯೇ ಇದ್ದು ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ವಾಡೆಯ ದಿಡ್ಡಿಗೂ ಒಳಗೆ ಯಾರಾದರೂ ಎಚ್ಚರವಿರಬೇಕಾಗಿತ್ತು.