ಈ ಸಂತೋಷ ಯಾರದು?

ಬೆಂಗಳೂರಿನ ಅಂಚಿನಲ್ಲಿರುವ ಹಿರಿಯರ ಆಶ್ರಯಧಾಮವೊಂದಕ್ಕೆ ನಾವು ತಿಂಗಳಿಗೆರಡು ಭಾನುವಾರ ಹೋಗುತ್ತೇವೆ. ಹಾಡು ಹಾಡಿಸುವುದು, ಕಥೆ ಹೇಳುವುದು, ಕೇರಂ ಆಡಿಸುವುದು, ಬಣ್ಣದ ಕಾಗದದಲ್ಲಿ ಹೂ ಮಾಡಿಸುವುದು ನಮ್ಮ ಕೆಲಸ. ಸಂಜೆ ವಿಜಯಪುರದ ಬಸ್ಸು ಹತ್ತುವಾಗ ಮನಸ್ಸು ಹಗುರವಾಗಿರುತ್ತದೆ. ರೋಜಾ ಬಿಡುವಾಗ ಮೊದಲ ಗುಟುಕು ನೀರು ಗಂಟಲಲ್ಲಿ ಇಳಿದ ಹಾಗೆ. ನಮ್ಮ ಕಥೆ ಅಚ್ಚಾದಾಗಲೂ ಇಂಥ ತೃಪ್ತಿ ಸಿಕ್ಕಿದ್ದಿಲ್ಲ. ಅನುಮಾನ ಬಂದದ್ದೇ ಅದರಿಂದ. ಮನೆ ಬಿಟ್ಟು ಬಂದು, ಯಾರೋ ಗೊತ್ತು ಮಾಡಿದ ಹೊತ್ತಿಗೆ ಉಂಡು, ಗೊತ್ತು ಮಾಡಿದ ಹೊತ್ತಿಗೆ ಮಲಗುವವರ ನಡುವೆ ಎರಡು ಗಂಟೆ ಕಳೆದು ನಾವು ಸಂತೋಷ ಹೊತ್ತು ತರುವುದಾದರೆ, ಆ ಸಂತೋಷ ಯಾರದು?

ಒಳ್ಳೆಯ ಕೆಲಸಕ್ಕೆ ನಿಯ್ಯತ್ ಸರಿಯಿರಬೇಕು ಎನ್ನುತ್ತಾರೆ ನಮ್ಮ ಮನೆಗಳಲ್ಲಿ. ಹಾಗೆಂದು ಮುಖ ಗಂಟಿಕ್ಕಿಕೊಂಡು ಮಾಡಿದ ಸೇವೆ ಮಾತ್ರ ಶುದ್ಧ ಎನ್ನಲಾದೀತೆ? ಬಡಿಸುವವರಿಗೆ ಸಂತೋಷವಿಲ್ಲದಿದ್ದರೆ ಉಣ್ಣುವವರಿಗೆ ರುಚಿಯೆಲ್ಲಿ? ಸಂತೋಷಪಡುವುದು ತಪ್ಪಲ್ಲ. ಆದರೆ ಅದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು.

'ನಮ್ಮವರಲ್ಲಿ ಹಿರಿಯರನ್ನು ಆಶ್ರಮಕ್ಕೆ ಕಳಿಸುವುದಿಲ್ಲ' ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರು ಒಂದು ಭಾನುವಾರ ನಮ್ಮ ಜೊತೆ ಬರಬೇಕು. ತಂದೆ-ತಾಯಿಯ ಪೋಷಣೆಗೆಂದು 2007ರಲ್ಲಿ ಕಾನೂನೇ ಬಂದಿದೆ. ಪೋಷಣೆ ಎಂದರೆ ಅನ್ನ, ಬಟ್ಟೆ, ವಾಸ, ಚಿಕಿತ್ಸೆ ಎಂದು ಅದು ವಿವರಿಸುತ್ತದೆ. 'ಇವತ್ತು ನಿಮಗೆ ಏನು ಮಾಡಬೇಕೆನಿಸುತ್ತದೆ?' ಎಂದು ಕೇಳುವುದು ಕಾನೂನಿನ ಕೆಲಸವಲ್ಲ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ಹಿರಿಯರಿಗಾಗಿ ದುಡಿಯುತ್ತಿದೆ. ನಗರ ಪೊಲೀಸರ ಜೊತೆ ಸೇರಿ 2002ರಲ್ಲಿ 1090 ಸಹಾಯವಾಣಿ ಆರಂಭಿಸಿತು. 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಕೇಂದ್ರ ತೆರೆಯಿತು. ಔಷಧಿಯಷ್ಟೇ ದಿನದ ಚಟುವಟಿಕೆಯೂ ಆರೈಕೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೆಳೆದದ್ದು ಇಂಥವರಿಂದ. ನಾವು ಅದನ್ನು ಅರ್ಧ ಮಾತ್ರ ಕಲಿತಿದ್ದೆವು ಎಂಬುದು ಆಮೇಲೆ ಗೊತ್ತಾಯಿತು.

ಆ ಧಾಮದಲ್ಲಿ ನಮ್ಮ ಊರಿನವರು ಇಬ್ಬರಿದ್ದಾರೆ. ಹಳಬರ ಬಾಯಲ್ಲಿ ವಡಿಗೇನಹಳ್ಳಿಯಾಗಿದ್ದ ವಿಜಯಪುರಕ್ಕೆ ರೇಷ್ಮೆಯೇ ಅನ್ನ. ಗೂಡು ಬೆಳೆಯುವವರು ಸುತ್ತಲ ಹಳ್ಳಿಗಳ ರೈತರು, ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಬಿಸಿನೀರಲ್ಲಿ ಬೆಂದ ಗೂಡಿನ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ಮಾಡಬೇಕು. ಎಳೆ ಕಡಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ ಎನ್ನುತ್ತಾರೆ ಆ ಕೆಲಸ ಬಲ್ಲವರು.

ಇಬ್ಬರಲ್ಲಿ ಒಬ್ಬರು ಹಿಂದೆ ನಾಲ್ಕು ಚರಕ ಇಟ್ಟಿದ್ದ ರೀಲರು. ಈಗ ಮಗನ ಹೆಸರೂ ನೆನಪಿಲ್ಲ. ಒಂದು ಸಲ ನಾವು ಕೊಟ್ಟ ಕಾಗದದ ಹೂವನ್ನು ಕೆಳಗಿಟ್ಟು, "ನಾನೇನು ಅಂಗನವಾಡಿ ಮಗೂನಾ?" ಎಂದರು. ನಮಗೆ ಚುರುಕ್ಕೆಂದಿತು. ಮುಂದಿನ ಸಲ ಒಂದು ಹಿಡಿ ಗೂಡು ತಂದೆವು. ಚಾಚಾ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದರು, ಹೆಬ್ಬೆರಳಲ್ಲಿ ಒತ್ತಿದರು. "ಮೆತ್ತಗಿದೆ. ಈ ಲಾಟು ಹಿಡೀಬೇಡ, ನೂಲು ಕಡಿಮೆ ಬರುತ್ತೆ." ಇಂಥ ಕಾಯಿಲೆಯಲ್ಲಿ ನಿನ್ನೆಯ ಮಾತು ಅಳಿಸಿಹೋದರೂ ಕೈ ಕಲಿತದ್ದು ಬಹಳ ಕಾಲ ಉಳಿಯುತ್ತದೆಯಂತೆ, ಅಂದು ಅದನ್ನು ಕಣ್ಣಾರೆ ಕಂಡೆವು. ಅರ್ಧ ಗಂಟೆ ಅವರು ಗುರು, ನಾವು ಶಿಷ್ಯರು. ಹಿರಿಯರಿಗೆ ಏನಾದರೂ ಕೊಡುವುದಕ್ಕಿಂತ ಅವರಿಂದ ಏನಾದರೂ ಪಡೆಯುವುದೇ ದೊಡ್ಡ ಚಟುವಟಿಕೆ ಎಂದು ನಮ್ಮೊಳಗೇ ಒಂದು ಸಿದ್ಧಾಂತ ಹುಟ್ಟಿಕೊಂಡಿತು. ಅದನ್ನು ಬರೆಯಲು ಮನಸ್ಸಿನಲ್ಲೇ ಪೀಠಿಕೆ ಹಾಕತೊಡಗಿದ್ದೆವು.

ಅಷ್ಟರಲ್ಲಿ ಪಕ್ಕದ ಬೆಂಚಿನ ಖಾಲಾ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡದ್ದು ಕಂಡಿತು. ನಾವು ಗೂಡು ಹಿಡಿದು ಅವರ ಮುಂದೆ ನಿಂತಿದ್ದೆವು, ನಗುತ್ತಾ.

"ಅದನ್ನ ಆಚೆ ತಗೊಂಡು ಹೋಗು ಬೇಟಾ."

ಎಂಟನೇ ವಯಸ್ಸಿಗೆ ಅವರನ್ನು ಬಿಸಿನೀರಿನ ಮುಂದೆ ಕೂರಿಸಿದ್ದರು. ಅಪ್ಪ ಮಾಲೀಕರಿಂದ ಮುಂಗಡ ತಂದಿದ್ದರಂತೆ. ಬೆರಳ ಸಂದು ಬಿಳಚಿಕೊಂಡು ಹುಣ್ಣಾಗುತ್ತಿತ್ತು, ರಾತ್ರಿ ಅನ್ನ ಕಲಸಿದರೆ ಉರಿ. ಶಾಲೆಯ ಗೋಡೆ ಮಾತ್ರ ಕಂಡವರು. ಆ ಗೂಡಿನ ವಾಸನೆ ಇವತ್ತಿಗೂ ಅವರಿಗೆ ಹೊಟ್ಟೆ ತೊಳಸುತ್ತದೆ.

ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಒಂದು ವರದಿ ಹೊರತಂದಿತ್ತು. ಅದನ್ನು ಓದಿ, ಮರುಗಿ, ಕಥೆ ಬರೆದವರು ನಾವು. ಹಾಗಿದ್ದೂ ಒಂದು ಹಿಡಿ ಗೂಡು ಕೈಗೆತ್ತಿಕೊಳ್ಳುವಾಗ, ಒಬ್ಬರ ಹೆಮ್ಮೆ ಇನ್ನೊಬ್ಬರ ಸುಟ್ಟ ಬೆರಳಾಗಿರಬಹುದು ಎಂದು ಹೊಳೆಯಲಿಲ್ಲ. ಚಾಚಾ ಚರಕದ ಮಾಲೀಕರು, ಖಾಲಾ ಅಂಥ ಚರಕದ ಮುಂದೆ ಕೂತ ಮಗು. ಈಗ ಇಬ್ಬರೂ ಒಂದೇ ವರಾಂಡದಲ್ಲಿ ಬಿಸಿಲು ಕಾಯಿಸುತ್ತಾರೆ. ನಮ್ಮ ಸಿದ್ಧಾಂತದಲ್ಲಿ ಖಾಲಾಗೆ ಜಾಗವಿರಲಿಲ್ಲ. ಅವರಿಗೆ ಏನು ಬೇಕೆಂದು ಕೇಳುವ ಮೊದಲೇ ನಾವು ತೃಪ್ತರಾಗಿಬಿಟ್ಟಿದ್ದೆವು.

ಅಂದು ಮೊದಲ ಬಾರಿ ಕೇಳಿದೆವು. "ಖಾಲಾ, ನಿಮಗೆ ಏನು ಮಾಡೋಕೆ ಇಷ್ಟ?"

ಬಹಳ ಹೊತ್ತು ಯೋಚಿಸಿದರು. "ಏನೂ ಇಲ್ಲ. ಎಂಟು ವರ್ಷದಿಂದ ಈ ಕೈ ಏನಾದರೂ ಮಾಡ್ತಾನೇ ಇತ್ತು. ಈಗ ಸುಮ್ಮನೆ ಕೂರ್ತೀನಿ."

ಚಟುವಟಿಕೆ ಮಾಡಿಸಲು ಹೋದವರಿಗೆ ಇದಕ್ಕಿಂತ ಕಷ್ಟದ ಉತ್ತರವಿಲ್ಲ. ಬಸ್ಸಿನಲ್ಲಿ ಅಂದು ಮನಸ್ಸು ಹಗುರವಾಗಿರಲಿಲ್ಲ. ಹೋಗುವುದನ್ನು ಬಿಟ್ಟುಬಿಡೋಣ ಎಂದೂ ಅನ್ನಿಸಿತು. ಆದರೆ ನಮಗೆ ಸಂತೋಷ ಸಿಗಲಿಲ್ಲವೆಂದು ಬಿಟ್ಟರೆ, ಇಷ್ಟು ದಿನ ಹೋದದ್ದು ಅದಕ್ಕಾಗಿಯೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ.

ಈಗಲೂ ಹೋಗುತ್ತೇವೆ. ಚಾಚಾರಿಗೆ ಗೂಡನ್ನು ಒಳಗಿನ ಕೋಣೆಯಲ್ಲಿ ಕೊಡುತ್ತೇವೆ, ಬಾಗಿಲು ಮುಂದೆ ಮಾಡಿ. ಆಮೇಲೆ ಕೈ ಸೋಪಿನಲ್ಲಿ ತೊಳೆದು ವರಾಂಡಕ್ಕೆ ಬಂದು ಖಾಲಾರ ಬೆಂಚಿನಲ್ಲಿ ಕೂರುತ್ತೇವೆ. ಮಾತಿರುವುದಿಲ್ಲ. ಮೊದಮೊದಲು ಹತ್ತು ನಿಮಿಷ ಕೂರುವುದೇ ನಮಗೆ ಕಷ್ಟವಾಗಿತ್ತು. ಕೈ ತಾನಾಗಿ ಚೀಲದ ಕಡೆ, ಮೊಬೈಲಿನ ಕಡೆ ಹೋಗುತ್ತಿತ್ತು. ಕಳೆದ ಭಾನುವಾರ ತಲೆಯ ಮೇಲೊಂದು ವಿಮಾನ ದೇವನಹಳ್ಳಿ ಕಡೆ ಇಳಿಯುತ್ತಾ ಹೋಯಿತು. ಇಬ್ಬರೂ ಕತ್ತೆತ್ತಿ ನೋಡಿದೆವು. ಅದು ಮರೆಯಾದ ಮೇಲೆ ಖಾಲಾ ಕೊಂಚ ಸರಿದು, ನೆರಳಿದ್ದ ಕಡೆ ನಮಗೆ ಜಾಗ ಬಿಟ್ಟರು.