ಮಗುವಿನ ಜನ್ಮದಿನವೂ ಹಿರಿಯರ ಸತ್ಯವೂ

ನಮ್ಮ ಪೀಳಿಗೆಯ ಅನೇಕರ ಜನ್ಮದಿನವು ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದೇ ಇರುವುದನ್ನು ತಾವು ಬಲ್ಲಿರಿ. ನಾವೆಲ್ಲರೂ ಆ ದಿನ ಹುಟ್ಟಿದವರಲ್ಲ. ಶಾಲೆಗೆ ಸೇರಿಸಲು ಕರೆತಂದ ತಂದೆಗೆ ಮಗ ಹುಟ್ಟಿದ ತಾರೀಖು ತಿಳಿದಿರಲಿಲ್ಲ. ಕಾರ ಹುಣ್ಣಿಮೆಯ ಆಚೆಯೋ ಈಚೆಯೋ ಎಂಬಷ್ಟೇ ಆತನ ಲೆಕ್ಕ. ಮುಖ್ಯೋಪಾಧ್ಯಾಯರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ಶಾಲೆ ತೆರೆಯುವ ಕಾಲಕ್ಕೆ ಹೊಂದುವಂತೆ ಒಂದು ತಾರೀಖನ್ನು ಬರೆದುಕೊಂಡರು. ಆ ಜನ್ಮದಿನವನ್ನು ನಾವು ಎಂದೂ ಆಚರಿಸಲಿಲ್ಲ. ಅದು ನಿಜವಾಗಿ ನೆನಪಾದುದು ಮೇ 31ರಂದು ಸೇವೆಯಿಂದ ನಿವೃತ್ತರಾದಾಗ ಮಾತ್ರ.

ಇಂದು ಕಾಲ ಬದಲಾಗಿದೆ. ಮಗು ಹುಟ್ಟಿದ ಗಳಿಗೆಯೂ ನಿಮಿಷವೂ ದಾಖಲೆಯಾಗಿವೆ. ಹುಟ್ಟುಹಬ್ಬವನ್ನು ಮನೆಯಲ್ಲಿ ಪಾಯಸ ಮಾಡಿ ಆಚರಿಸುವುದು ಸಾಲದೆಂದು, ಇಡೀ ಕುಟುಂಬವು ವಿಹಾರೋದ್ಯಾನಗಳಿಗೆ ಪ್ರವಾಸ ಹೋಗುವ ವಾಡಿಕೆ ಬೆಳೆದಿದೆ. ನಮ್ಮಲ್ಲಿಯೇ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ತೆರೆಯಿತು. ಪರದೇಶದಲ್ಲಿರುವ ನಮ್ಮ ಮಕ್ಕಳು ಡಿಸ್ನಿಲ್ಯಾಂಡಿಗೆ ಹೋಗುತ್ತಾರೆ. ಇದನ್ನು ದುಂದು ಎಂದು ಹಳಿಯಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನದಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಕುಳಿತು ಆಡುತ್ತಿರುವಾಗ, ಬೆಂಚಿನ ಮೇಲೆ ಸುಮ್ಮನೆ ಕುಳಿತು ನೋಡುತ್ತಿದ್ದ ವಾಲ್ಟ್ ಡಿಸ್ನಿಗೆ, ತಂದೆತಾಯಿಗಳೂ ಮಕ್ಕಳೂ ಕೂಡಿ ನಲಿಯುವ ಒಂದು ಸ್ಥಳ ಇರಬೇಕೆಂದು ಹೊಳೆಯಿತಂತೆ. ಆ ಹೊಳಹು 1955ರ ಜುಲೈ 17ರಂದು ಅನಹೈಮ್ ಎಂಬ ಊರಿನಲ್ಲಿ, ಹಿಂದೆ ಕಿತ್ತಳೆ ತೋಟಗಳಿದ್ದ ನೆಲದ ಮೇಲೆ ರೂಪು ತಳೆಯಿತು. ಹಿರಿಯರು ಮಕ್ಕಳೊಡನೆ ಮಕ್ಕಳಾಗುವುದು ಒಳ್ಳೆಯದೇ. ನನ್ನ ಚಿಂತೆ ಬೇರೆ. ಅದು ಆ ಉದ್ಯಾನದ ಒಳಗಿನದಲ್ಲ, ಬಾಗಿಲಿನದು.

ಕೆಲವು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಮೂರು ವರ್ಷ ತುಂಬುವ ದಿನ ಡಿಸ್ನಿಲ್ಯಾಂಡಿಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿಯ ನಿಯಮ ಸರಳವಾದುದು: ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ; ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್; ಹತ್ತರಿಂದ ಮುಂದೆ ಹಿರಿಯರ ಟಿಕೆಟ್. ತೆರೆದ ವರ್ಷದಲ್ಲಿ ಹಿರಿಯರಿಗೆ 1 ಡಾಲರ್, ಮಕ್ಕಳಿಗೆ ಅರ್ಧ ಡಾಲರ್ ಇದ್ದ ಪ್ರವೇಶ ಶುಲ್ಕವು ಈಗ ಒಂದು ದಿನಕ್ಕೆ ನೂರು ಡಾಲರಿನ ಆಸುಪಾಸಿಗೂ ಅದಕ್ಕೆ ಮೇಲಕ್ಕೂ ಏರಿದೆ. ಹೊರಡುವ ಮುನ್ನ ಮಗನು ನಗುತ್ತ, “ಅಪ್ಪಾ, ನಿನ್ನೆ ಹೋಗಿದ್ದರೆ ಇವನಿಗೆ ಟಿಕೆಟ್ ಬೇಕಿರಲಿಲ್ಲ. ಒಂದು ರಾತ್ರಿಯಲ್ಲಿ ಏನು ಬದಲಾಯಿತು? ಎರಡು ವರ್ಷ ಎಂದೇ ಹೇಳೋಣ,” ಎಂದನು. ಮಗುವಿಗೂ ಹಾಗೆಯೇ ಹೇಳಿಕೊಟ್ಟನು. ನಾನು ಕೇಳಿಸಿಕೊಂಡೆ, ಸುಮ್ಮನಿದ್ದೆ. ಬಾಗಿಲಿನಲ್ಲಿ ನಮ್ಮ ಮಾತನ್ನು ನಂಬಿ ಒಳಗೆ ಬಿಟ್ಟರು.

ಆ ಉದ್ಯಾನದಲ್ಲಿ ಹುಟ್ಟುಹಬ್ಬದವರಿಗೆ ಹೆಸರು ಬರೆದು ಒಂದು ಬಿಲ್ಲೆಯನ್ನು ಉಚಿತವಾಗಿ ಕೊಡುವ ಪದ್ಧತಿಯಿದೆ. ಎದೆಯ ಮೇಲೆ ಆ ಬಿಲ್ಲೆಯನ್ನು ಕಂಡ ಕೆಲಸಗಾರರು ಶುಭಾಶಯ ಹೇಳುತ್ತಾರೆ. ನಾವೂ ಅದನ್ನು ಪಡೆದೆವು. ಒಬ್ಬ ಹೆಣ್ಣುಮಗಳು ಮಗುವಿನ ಮುಂದೆ ಮಂಡಿಯೂರಿ, ಇಂದು ನಿನಗೆ ಎಷ್ಟು ವರ್ಷ ಎಂದು ಅಕ್ಕರೆಯಿಂದ ಕೇಳಿದಳು. ವಾರದಿಂದ ಮನೆಮಂದಿಗೆಲ್ಲ ಮೂರು ಬೆರಳು ತೋರಿಸಿ ಮೆರೆಯುತ್ತಿದ್ದ ಮಗು ಮೂರು ಬೆರಳನ್ನು ಎತ್ತಿತು. ಕೂಡಲೇ ತಂದೆಯ ಮುಖವನ್ನು ನೋಡಿ ಒಂದು ಬೆರಳನ್ನು ಮಡಚಿಕೊಂಡಿತು.

ಬಂಧುಗಳೇ, ಆ ಮಡಚಿದ ಬೆರಳು ನನ್ನನ್ನು ಇಂದಿಗೂ ಕಾಡುತ್ತದೆ. ಹುಟ್ಟುಹಬ್ಬವೆಂದರೆ ಏನನ್ನು ಆಚರಿಸುವುದು? ಮಗು ಒಂದು ವರ್ಷ ಬೆಳೆಯಿತು ಎಂಬ ಸತ್ಯವನ್ನಲ್ಲವೇ? ಆ ಸತ್ಯವನ್ನು ಸಂಭ್ರಮಿಸಲು ಹೋದವರೇ ಬಾಗಿಲಿನಲ್ಲಿ ಅದನ್ನು ಅಲ್ಲಗಳೆದೆವು.

ಇದಕ್ಕೆ ಹೇಳಬಹುದಾದ ಸಮಾಧಾನಗಳನ್ನು ನಾನು ಅಲಕ್ಷಿಸುವುದಿಲ್ಲ. ಮೊದಲನೆಯದು, ವಯಸ್ಸಿನ ಗೆರೆ ಕೃತಕವಾದುದು ಎಂಬುದು. ನಿಜ, ನಿನ್ನೆಯ ಮಗುವಿಗೂ ಇಂದಿನ ಮಗುವಿಗೂ ಭೇದವಿಲ್ಲ. ಮತದಾನದ ವಯಸ್ಸು 1989ರವರೆಗೆ 21 ಇದ್ದುದು, ಸಂವಿಧಾನದ 61ನೆಯ ತಿದ್ದುಪಡಿಯಿಂದ 18ಕ್ಕೆ ಇಳಿಯಿತು. ಮನುಷ್ಯರು ಎಳೆದ ಗೆರೆಯನ್ನು ಮನುಷ್ಯರು ಬದಲಿಸಬಹುದು. ಆದರೆ ಗೆರೆ ಕೃತಕವಾದ ಮಾತ್ರಕ್ಕೆ ಅದರ ಮುಂದೆ ಆಡುವ ಮಾತು ಸುಳ್ಳಾಗದೆ ಹೋಗುವುದಿಲ್ಲ. ನಿಯಮವು ಅನ್ಯಾಯವೆನಿಸಿದರೆ ಹಾಗೆಂದು ಹೇಳಬಹುದು, ಹೋಗದೆ ಇರಬಹುದು, ಹಿಂದಿನ ದಿನವೇ ಹೋಗಬಹುದು. ಹಿಂದಿನ ದಿನ ಹೋಗಿದ್ದರೆ ಅದೇ ಹಣ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ಇನ್ನೊಂದು ಸಂಗತಿಯನ್ನು ಗಮನಿಸಿರಿ. ಅಲ್ಲಿಯ ಕೆಲವು ವೇಗದ ಆಟಗಳಿಗೆ 102 ಸೆಂಟಿಮೀಟರ್ ಎತ್ತರವಿಲ್ಲದ ಮಕ್ಕಳನ್ನು ಬಿಡುವುದಿಲ್ಲ. ಅದೂ ಕೃತಕವಾದ ಗೆರೆಯೇ. ಅಳತೆಯ ಕೋಲಿನ ಮುಂದೆ ನನ್ನ ಮಗನು ವಾದಿಸಲಿಲ್ಲ. ಮಗುವನ್ನು ಎತ್ತಿಕೊಂಡು ಹಿಂದಿರುಗಿದನು. ನಮ್ಮ ಮಗುವನ್ನು ಕಾಯುವ ಗೆರೆಯನ್ನು ಒಪ್ಪಿಕೊಂಡೆವು, ಪರರ ಹಕ್ಕನ್ನು ಕಾಯುವ ಗೆರೆಯನ್ನು ಮಾತ್ರ ಕೃತಕವೆಂದೆವು.

ಎರಡನೆಯ ಸಮಾಧಾನ, ಅಷ್ಟು ದೊಡ್ಡ ಸಂಸ್ಥೆಗೆ ಒಂದು ಟಿಕೆಟ್ಟಿನಿಂದ ನಷ್ಟವೇನು ಎಂಬುದು. ಸಮುದ್ರದಿಂದ ಒಂದು ಬೊಗಸೆ ನೀರು ತೆಗೆದಂತೆ, ಅದಕ್ಕೆ ತಿಳಿಯದಿರಬಹುದು. ಆದರೆ ಸುಳ್ಳನ್ನು ಅಳೆಯಬೇಕಾದುದು ಕಳೆದುಕೊಂಡವನ ಸಂಪತ್ತಿನಿಂದಲ್ಲ, ಆಡಿದವನ ಅಂತಃಕರಣದಿಂದ. ನೂರು ಡಾಲರಿಗೆ ನಮ್ಮ ಮಾತು ಬಿಕರಿಯಾಯಿತೆಂದರೆ ನಷ್ಟವಾದುದು ಸಂಸ್ಥೆಗಲ್ಲ, ನಮಗೆ.

ಮೂರನೆಯದು, ಎಳೆಯ ಮಗುವಿಗೆ ಇದೆಲ್ಲ ಏನು ತಿಳಿದೀತು ಎಂಬುದು. ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ತನ್ನ ಹೆಸರು, ತನ್ನ ವಯಸ್ಸು, ಇವೆರಡು ಮಗು ತನ್ನ ವಿಷಯವಾಗಿ ಮೊದಲು ಅರಿಯುವ ಸತ್ಯಗಳು. ತಿಂಗಳುಗಟ್ಟಲೆ ನಾವೇ ಕಲಿಸಿದ ಆ ಸತ್ಯವನ್ನು ನಾವೇ ಒಂದು ಗಳಿಗೆಯಲ್ಲಿ ಅಳಿಸುತ್ತೇವೆ. ಪುಣ್ಯಕೋಟಿಯ ಕಥೆಯನ್ನು ಹೇಳಿ ಮಲಗಿಸುವವರು ನಾವು. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಹಿಂದಿರುಗಿದ ಹಸುವಿಗೆ ಮಗು ಕಣ್ಣೀರಿಡುತ್ತದೆ. ಮರುದಿನ ಟಿಕೆಟ್ಟಿನ ಕಿಂಡಿಯ ಮುಂದೆ ಅದೇ ಮಗುವಿಗೆ ಬೇರೊಂದು ಪಾಠ ಹೇಳುತ್ತೇವೆ: ಸತ್ಯವು ಕಥೆಗೆ, ಸುಳ್ಳು ವ್ಯವಹಾರಕ್ಕೆ. ಯಾವ ಪಾಠ ಉಳಿದೀತೆಂದು ತಾವೇ ಊಹಿಸಿರಿ.

ಇದು ಪರದೇಶದವರ ದೋಷವೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ನಮ್ಮ ಬಸ್ಸುಗಳಲ್ಲಿ ಅರ್ಧ ಟಿಕೆಟ್ಟಿಗಾಗಿ ವರ್ಷಗಳಿಂದ ಬೆಳೆಯದೆ ಉಳಿದ ಮಕ್ಕಳನ್ನು ತಾವು ಕಂಡಿಲ್ಲವೇ? ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಆಸನ ಬೇಡವಾದರೆ ಟಿಕೆಟ್ ಇಲ್ಲ; ಆ ಐದು ವರ್ಷ ಎಷ್ಟೋ ಮನೆಗಳಲ್ಲಿ ಏಳೆಂಟರವರೆಗೂ ಸಾಗುತ್ತದೆ. ಬಿಡದಿಯ ಉದ್ಯಾನದಲ್ಲಿ ಮಕ್ಕಳ ಶುಲ್ಕವನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಣಯಿಸುತ್ತಾರೆ. ಕೋಲು ಅಳೆಯುವಲ್ಲಿ ಮಾತಿಗೆ ಕೆಲಸವಿಲ್ಲ. ಅಲ್ಲಿ ಸುಳ್ಳಾಡುವ ಅವಕಾಶವಿಲ್ಲ, ಆದುದರಿಂದ ಸತ್ಯವಂತರಾಗುವ ಅವಕಾಶವೂ ಇಲ್ಲ. ನಮ್ಮ ಮಾತನ್ನೇ ನಂಬಿ ಬಾಗಿಲು ತೆರೆಯುವ ಕಡೆಯಲ್ಲಿಯೇ ನಮ್ಮ ಪರೀಕ್ಷೆ.

ಸಂಜೆ ಮನೆಗೆ ಹಿಂದಿರುಗುವಾಗ ನಾನು ಮಗನಿಗೆ, “ಇಂದು ತಪ್ಪಿದವನು ನೀನೊಬ್ಬನೇ ಅಲ್ಲ, ಬಾಯಿ ಮುಚ್ಚಿಕೊಂಡಿದ್ದ ನಾನೂ ತಪ್ಪಿದೆ,” ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮನೆ ತಲುಪಿದ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಿನಗೆ ಮೂರು ವರ್ಷ, ಪುಟ್ಟಾ. ಬೆಳಿಗ್ಗೆ ಅಪ್ಪ ಹೇಳಿದ್ದು ಸುಳ್ಳು. ಹಾಗೆ ಹೇಳಬಾರದಿತ್ತು,” ಎಂದನು. ಮಗು ಮೂರು ಬೆರಳನ್ನೂ ಎತ್ತಿತು. ಆ ದಿನದ ಉಡುಗೊರೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲವೆಂದು ನನ್ನ ನಂಬಿಕೆ. ತಂದೆ ಎಂದೂ ತಪ್ಪದವನಾಗಿರಬೇಕೆಂದು ಮಗು ಬಯಸುವುದಿಲ್ಲ. ತಪ್ಪನ್ನು ತಪ್ಪೆಂದು ಹೇಳುವವನಾಗಿದ್ದರೆ ಅದಕ್ಕೆ ಸಾಕು.

ಊರಿಗೆ ಬಂದ ಮೇಲೆ ಉಳಿದ ಆ ಹಣವನ್ನು ಮಠದ ದಾಸೋಹಕ್ಕೆ ಸಲ್ಲಿಸಿಬಿಡೋಣವೆಂದು ನನಗೆ ತೋರಿತು. ಮತ್ತೆ ಯೋಚಿಸಿ ಕೈ ಹಿಂದೆಗೆದೆ. ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮಗೆ ದಾಸೋಹವು ದುಡಿದುದರಲ್ಲಿ ಕೊಡುವುದೆಂದು ಕಲಿಸಿದ್ದಾರೆ, ಕೊಡದೆ ಉಳಿಸಿಕೊಂಡುದರಲ್ಲಿ ಅಲ್ಲ. ಒಬ್ಬರಿಗೆ ಸಲ್ಲಬೇಕಾದುದನ್ನು ಮತ್ತೊಬ್ಬರಿಗೆ ಕೊಟ್ಟು ಋಣ ತೀರಿತೆನ್ನುವುದು ಮೊದಲ ಸುಳ್ಳಿನ ಮೇಲೆ ಎರಡನೆಯದನ್ನು ಕಟ್ಟಿದಂತೆ. ಆ ಋಣ ಋಣವಾಗಿಯೇ ಉಳಿದಿದೆ.

ಆದುದರಿಂದ ಬಂಧುಗಳೇ, ಮಕ್ಕಳ ಹುಟ್ಟುಹಬ್ಬಕ್ಕೆ ಎಲ್ಲಿಗಾದರೂ ಕರೆದೊಯ್ಯಿರಿ. ಶಕ್ತಿಯಿದ್ದರೆ ದೂರಕ್ಕೆ, ಇಲ್ಲದಿದ್ದರೆ ಊರ ಕೆರೆಯ ಏರಿಯವರೆಗೆ. ಆದರೆ ಮಗುವಿನ ವಯಸ್ಸನ್ನು ಯಾರಾದರೂ ಕೇಳಿದಾಗ ಮಗುವೇ ಉತ್ತರಿಸಲಿ, ಮತ್ತು ಉತ್ತರಿಸುವಾಗ ಅದು ನಮ್ಮ ಮುಖವನ್ನು ನೋಡದಿರಲಿ.